ಮೇಘಾಲಿ ರಾಣಿ ಹುಟ್ಟಿದ ಕೊಟ್ಟಿಗೆ

ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನಿಗೆ ನಗೆಪಾಟಲಾಗುವ ಸಂದರ್ಭಗಳಿಗೆ ಬರವಿಲ್ಲ. ವಾರಕ್ಕೊಂದು ಹಸು ಒದೆಯುತ್ತದೆ, ತಿಂಗಳಿಗೊಂದು ಎಮ್ಮೆ ಕೆಸರಿಗೆ ಕೆಡವುತ್ತದೆ. ಅಂಥವನ್ನೆಲ್ಲ ನಾನೇ ಹತ್ತು ಜನರ ಮುಂದೆ ಹೇಳಿಕೊಂಡು ನಕ್ಕಿದ್ದೇನೆ. ಒಂದನ್ನು ಮಾತ್ರ ಬಹಳ ವರ್ಷ ಹೆಂಡತಿಗೂ ಹೇಳಿರಲಿಲ್ಲ. ಯಾಕೆಂದರೆ ಅದು ಹಸು ಮಾಡಿದ್ದಲ್ಲ, ನಾನು ಮಾಡಿದ್ದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲೂಕುಗಳಲ್ಲಿ ತೊಂಬತ್ತರ ದಶಕದಲ್ಲಿ ಹುಟ್ಟಿದ ಮೇಘಾಲಿ ಎಂಬ ಹೆಣ್ಣುಮಗಳು ಯಾರಾದರೂ ಇದನ್ನು ಓದುತ್ತಿದ್ದರೆ, ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಓದಿದ ಮೇಲೆ ನೀವು ಬೈದರೂ ಸರಿಯೇ.

ಬಾಯಿಗೆ ಬಂದ ಹೆಸರು

ಆಗ ನನಗೆ ಶ್ರೀರಂಗಪಟ್ಟಣದ ಕಡೆ ಕೆಲಸ. ಕೆಲಸಕ್ಕೆ ಸೇರಿ ಹೊಸದು. ಸೈಕಲ್ಲಿನ ಹಿಂದೆ ಗಬ್ಬ ಕಟ್ಟಿಸುವ ಇಂಜೆಕ್ಷನ್ನಿನ ಕ್ಯಾನು ಕಟ್ಟಿಕೊಂಡು ಬೆದೆಗೆ ಬಂದ ಹಸುಗಳಿದ್ದ ಕಡೆ ಹೋಗುವುದು ನನ್ನ ಕಾಯಕ. ಊರವರ ಬಾಯಲ್ಲಿ ಮಾತ್ರ ನಾನು 'ದನಿನ ಡಾಕ್ಟ್ರು'.

ಒಂದು ಬೆಳಿಗ್ಗೆ ಕಿರಂಗೂರಿನ ಒಂದು ಮನೆಯಿಂದ ಕರೆ ಬಂತು. ಹೋದರೆ ಮನೆಯೆಲ್ಲ ಬಿಕೋ ಅನ್ನುತ್ತಿತ್ತು. ಹತ್ತು ದಿನದ ಹಿಂದೆ ಸೊಸೆಗೆ ಮೂರನೆಯದೂ ಹೆಣ್ಣಾಗಿತ್ತಂತೆ. ಮಗುವಿನ ಅಪ್ಪ ಕೊಟ್ಟಿಗೆ ಬಾಗಿಲಲ್ಲಿ ಹಸು ತೋರಿಸಿ, ಮುಖ ಇಳಿಬಿಟ್ಟುಕೊಂಡು ಗದ್ದೆ ಕಡೆ ಹೋದ. ಹಸುವಿನ ಹಗ್ಗ ಹಿಡಿದು ನಿಂತದ್ದು ಅವನ ತಾಯಿ, ಅಂದರೆ ಮಗುವಿನ ಅಜ್ಜಿ.

ನಾನು ಎಡಗೈಯನ್ನು ಮೊಣಕೈವರೆಗೆ ಹಸುವಿನ ಒಳಗಿಟ್ಟು ಗರ್ಭಕೋಶ ಹುಡುಕುತ್ತಿದ್ದೆ. ಅಜ್ಜಿ ಅದೇ ಹೊತ್ತು ನೋಡಿ ಮಾತು ತೆಗೆದರು. ನಾಳೆ ನಾಮಕರಣ, ಮನೆಯಲ್ಲಿ ಯಾರಿಗೂ ಉತ್ಸಾಹವಿಲ್ಲ, ಓದಿದವರು ನೀವೇ ಒಂದು ಹೆಸರು ಹೇಳಬೇಕು ಅಂದರು.

"ಈ ಸೀಮೇಲಿ ಯಾರೂ ಇಕ್ಕಿರಬಾರ್ದು ಕಣಪ್ಪ. ಹೆಸ್ರಾದ್ರೂ ಚೆಂದಾಗಿದ್ರೆ, ಮೂರ್ನೇದೂ ಹೆಣ್ಣು ಅನ್ನೋದ ಬುಟ್ಟು ಜನ ಹೆಸ್ರು ಕೇಳ್ತಾರೆ."

ಆ ಮಾತು ಕೇಳಿ ಒಳ್ಳೆಯ ಹೆಸರೇ ಹೇಳಬೇಕು ಅನ್ನಿಸಿತು. ಆದರೆ ಕೈ ಇದ್ದ ಜಾಗದಲ್ಲೇ ತಲೆಯೂ ಇರುತ್ತದೆ. ಹಿಂದಿನ ತಿಂಗಳು ನಮ್ಮನ್ನು ತರಬೇತಿಗೆಂದು ಒಂದು ದನದ ಫಾರಮ್ಮಿಗೆ ಕಳಿಸಿದ್ದರು. ಅಲ್ಲಿ ಸಾಲಾಗಿ ಕಟ್ಟಿದ ಸೀಮೆ ಹಸುಗಳ ತಲೆಯ ಮೇಲೆ ಒಂದೊಂದು ಕಪ್ಪು ಹಲಗೆ, ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೆಸರು. ಮೊದಲನೆಯ ಕಟ್ಟೆಯಲ್ಲಿ ನಿಂತಿದ್ದದ್ದು ಕಪ್ಪು ಬಿಳಿ ಮಚ್ಚೆಯ ದೊಡ್ಡ ಹಸು. ಇಡೀ ಫಾರಮ್ಮಿಗೇ ಹೆಚ್ಚು ಹಾಲು ಕೊಡುವುದು. ಅದರ ಹಲಗೆಯ ಮೇಲಿದ್ದ ಹೆಸರು ನನ್ನ ಬಾಯಿಂದ ಹಾಗೇ ಜಾರಿತು.

"ಮೇಘಾಲಿ."

ಅಜ್ಜಿ ಅದನ್ನು ಎರಡು ಸಲ ನಾಲಿಗೆಯ ಮೇಲೆ ಹೊರಳಿಸಿ, "ಮೇಗಾಲಿ, ಮೇಗಾಲಿ" ಅಂದು ನೋಡಿ ಮುಖ ಅರಳಿಸಿದರು. ಆಮೇಲೆ, ಇದು ಯಾರ ಹೆಸರು ಎಂದು ಕೇಳಿದರು. ಹಸುವಿನ ಹೆಸರು ಎನ್ನಲು ನನಗೆ ಧೈರ್ಯ ಬರಲಿಲ್ಲ. "ತೊಣ್ಣೂರು ಕೆರೆ ಕಟ್ಟಿಸಿದ ರಾಣಿಯದು" ಅಂದುಬಿಟ್ಟೆ. ಆ ಮುದುಕಿಯ ಕಣ್ಣಲ್ಲಿ ನೀರು ಬಂತು. ನಾನು ಕೈ ತೊಳೆಯಲು ನೀರು ಕೇಳಿದೆ. ಬರುವಾಗ ಒಂದು ತಂಬಿಗೆ ಹಾಲನ್ನೂ ಬಾಳೆಗೊನೆಯ ಒಂದು ಚಿಪ್ಪನ್ನೂ ಸೈಕಲ್ಲಿಗೆ ಕಟ್ಟಿ ಕಳಿಸಿದರು.

ಅವತ್ತು ಕೊಟ್ಟ ಇಂಜೆಕ್ಷನ್ನಿಗೆ ಹಸು ಗಬ್ಬ ನಿಲ್ಲಲಿಲ್ಲ. ಹೆಸರು ಮಾತ್ರ ಮೊದಲನೇ ಸಲಕ್ಕೇ ನಿಂತಿತು.

ಇತಿಹಾಸ ಬಲ್ಲ ಆಚಾರ್ರು

ಒಂದು ಮನೆಯ ಹೆಸರು ಆ ಮನೆಯಲ್ಲೇ ಇದ್ದಿದ್ದರೆ ನನ್ನ ಪಾಡಿಗೆ ನಾನು ಇರುತ್ತಿದ್ದೆ. ಆದರೆ ನಮ್ಮ ಕಡೆ ಡೈರಿ ಅನ್ನುವುದೊಂದಿದೆ. ಬೆಳಿಗ್ಗೆ ಸಂಜೆ ಹಾಲು ಅಳೆಸಲು ಹೆಂಗಸರು ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಹಾಲಿಗಿಂತ ಬೇಗ ಸುದ್ದಿ ಅಳತೆಯಾಗುವುದು ಅಲ್ಲೇ. ಎರಡು ವರ್ಷ ಕಳೆಯುವುದರೊಳಗೆ ಅಲ್ಲೊಂದು ಮೇಘಾಲಿ, ಇಲ್ಲೊಂದು ಮೇಘಾಲಿ. ಕಿರಂಗೂರಿನ ಆ ಒಂದೇ ಬೀದಿಯಲ್ಲಿ ಮೂರು ಆದಾಗ ದೊಡ್ಡ ಮೇಘಾಲಿ, ಕೆಂಪು ಮೇಘಾಲಿ, ಮೂಲೆಮನೆ ಮೇಘಾಲಿ ಎಂದು ಭಾಗ ಮಾಡಿಕೊಂಡರು. ಪ್ರತಿ ತೊಟ್ಟಿಲು ಕಂಡಾಗಲೂ ನನಗೆ ಆ ಕರಿ ಹಲಗೆ ಕಾಣುತ್ತಿತ್ತು. ಯಾರಾದರೂ ಒಬ್ಬರು ಆ ಫಾರಮ್ಮಿಗೆ ಹೋಗಿ ಬಂದರೆ ಸಾಕು, ಈ ಕೂಸುಗಳನ್ನೆಲ್ಲ ಹಸುಗಳೆಂದು ಊರು ಆಡಿಕೊಳ್ಳುತ್ತದೆ. ಅದರಲ್ಲೂ ಕಿರಂಗೂರಿನ ಆ ಮೊದಲನೆಯ ಮಗು. ಅದರ ಅಜ್ಜಿ ನನ್ನನ್ನು ನಂಬಿದ್ದರು.

ಅಷ್ಟರಲ್ಲಿ ಪಾಂಡವಪುರಕ್ಕೆ ವರ್ಗವಾಯಿತು. ತಪ್ಪಿಸಿಕೊಂಡೆ ಅಂದುಕೊಂಡೆ. ಹೆಂಡತಿಯ ಮೂಗುತಿ ಸರಿಮಾಡಿಸಲು ಅಲ್ಲಿನ ಒಬ್ಬ ಅಕ್ಕಸಾಲಿಗರ ಅಂಗಡಿಗೆ ಹೋದರೆ, ಅವರು ಮಗುವಿನ ಬಳೆಯ ಮೇಲೆ ಉಳಿ ಇಟ್ಟು ಮೇಘಾಲಿ ಎಂದು ಕೆತ್ತುತ್ತಿದ್ದರು. ನನ್ನ ಮುಖ ನೋಡಿ, ಹೆಸರು ಹೊಸದು ಅನ್ನಿಸಿತಾ ಸ್ವಾಮಿ ಎಂದು ಕೇಳಿ, ತೊಣ್ಣೂರಿನ ರಾಣಿಯ ಕಥೆ ಶುರು ಮಾಡಿದರು. ನಾನು ಹೇಳಿದ್ದು ಒಂದು ವಾಕ್ಯ. ಅವರ ಬಳಿ ಅದು ಅರ್ಧ ಗಂಟೆಯ ಕಥೆಯಾಗಿತ್ತು. ರಾಣಿ ಕೆರೆಗೆ ತನ್ನ ಮೈಮೇಲಿನ ಒಡವೆಯನ್ನೆಲ್ಲ ಕೊಟ್ಟಳಂತೆ. ಆ ಒಡವೆ ಮಾಡಿದ್ದು ಇವರ ಮುತ್ತಾತನ ಮುತ್ತಾತನಂತೆ.

ನನಗೆ ತಡೆಯಲಾಗಲಿಲ್ಲ. ಹೇಗಾದರೂ ಇದನ್ನು ಇಲ್ಲಿಗೆ ನಿಲ್ಲಿಸಬೇಕು ಎಂದು, ಅಂಥ ರಾಣಿ ಇದ್ದಿರಲಿಕ್ಕಿಲ್ಲ ಆಚಾರ್ರೇ, ಯಾರೋ ಹುಟ್ಟಿಸಿದ ಕಥೆ ಇರಬೇಕು ಅಂದೆ.

ಅವರು ಕನ್ನಡಕ ಹಣೆಗೇರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವು ದನ ನೋಡ್ಕಳಿ ಸ್ವಾಮಿ. ಇತಿಹಾಸ ನಮಗೆ ಬುಡಿ."

ನಮಸ್ಕಾರ ಮಾಡಿದ್ದು

ಮೈಸೂರಿನಿಂದ ಹೆಂಡತಿಯ ಅಕ್ಕ ಭಾವ ಬಂದರು. ತೊಣ್ಣೂರು ನೋಡಬೇಕು ಅಂದರು. ದೇವಸ್ಥಾನ ನೋಡಿ ಕೆರೆಯ ಏರಿಯ ಮೇಲೆ ನಿಂತಿದ್ದಾಗ, ಹೆಗಲ ಮೇಲೆ ಟವೆಲು ಹಾಕಿದ್ದ ಒಬ್ಬರು ತಾವಾಗಿಯೇ ಬಂದು ವಿವರಿಸತೊಡಗಿದರು. ಒಂದು ಚಪ್ಪಟೆ ಬಂಡೆ ತೋರಿಸಿ, ಮೇಘಾಲಿ ರಾಣಿ ಮಿಂದ ಕಲ್ಲು ಇದೇ, ಮಕ್ಕಳಿಲ್ಲದವರು ಇದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರೆ ಒಳ್ಳೆಯದಾಗುತ್ತದೆ ಎಂದರು.

ನಮಗೆ ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ನನ್ನ ಹೆಂಡತಿ ಸೆರಗು ಹೊದ್ದು, ಕಲ್ಲು ಮುಟ್ಟಿ, ಕಣ್ಣಿಗೊತ್ತಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ನೀವೂ ಮಾಡಿ ಅಂದಳು. ನಾನು ಕಾಲು ನೋವು ಅಂದೆ. ನಿಮಗೆ ದೇವರ ಮೇಲೆ ಯಾವತ್ತೂ ಅಸಡ್ಡೆ ಎಂದು ಮುಖ ತಿರುಗಿಸಿದಳು. ಆ ಹೊತ್ತಿನಲ್ಲಿ ನಿಜ ಹೇಳುವ ಗಂಡಸು ಎಲ್ಲಾದರೂ ಇದ್ದರೆ ಅವನಿಗೆ ನನ್ನ ನಮಸ್ಕಾರ. ನಾನಂತೂ ಬಂಡೆಗೆ ಅಡ್ಡಬಿದ್ದೆ. ನಾಚಿಕೆಯಿಂದ ಎಷ್ಟು ಹೊತ್ತು ಏಳಲಿಲ್ಲವೆಂದರೆ, ಇಷ್ಟು ಭಕ್ತಿ ಇರುವವರನ್ನು ನೋಡೇ ಇಲ್ಲ ಎಂದು ಆ ಟವೆಲಿನವರು ಭಾವನ ಹತ್ತಿರ ಹೊಗಳಿದರಂತೆ.

ಮುಂದಿನ ವರ್ಷ ನಮಗೆ ಮಗುವಾಯಿತು. ಗಂಡು. ಹೆಣ್ಣಾಗಿದ್ದರೆ ಏನು ಹೆಸರಿಡಬೇಕಾಗುತ್ತಿತ್ತು ಎಂದು ನೆನೆದು ಆಸ್ಪತ್ರೆಯ ವರಾಂಡದಲ್ಲಿ ನಾನು ಬಿಟ್ಟ ನಿಟ್ಟುಸಿರು ನೋಡಿ, ಗಂಡುಮಗುವೆಂದರೆ ಇಷ್ಟು ಆಸೆಯೇ ಎಂದು ನರ್ಸಮ್ಮ ಗದರಿದರು.

ಸತ್ತವನ ಸುದ್ದಿ

ಮುಂದೆ ವರ್ಗವಾಗಿ ಹೋದ ಕೆ.ಆರ್. ಪೇಟೆಯಲ್ಲಿ ನನ್ನನ್ನು ಹಿಡಿದವರು ಒಬ್ಬ ನಿವೃತ್ತ ಮೇಷ್ಟ್ರು. ಸತ್ಯ ಅಂದರೆ ಅವರಿಗೆ ಪ್ರಾಣ. ಎಮ್ಮೆಗೆ ಜ್ವರವೆಂದು ಮನೆಗೆ ಕರೆಸಿದ್ದರು. ನಾನು ಎಮ್ಮೆಗೆ ಸೂಜಿ ಚುಚ್ಚುತ್ತಿದ್ದಾಗ ಅವರು ನೋಟ್‌ಬುಕ್ ತೆಗೆದರು. ಅವರ ಮೊಮ್ಮಗಳಿಗೂ ಮೇಘಾಲಿ ಎಂದೇ ಇಟ್ಟಿದ್ದರು. ಇವರು ಸುಮ್ಮನಿರಲಾರದೆ ಇದ್ದಬದ್ದ ಪುಸ್ತಕವನ್ನೆಲ್ಲ ತಿರುವಿದ್ದರು. ಮೇಘಾಲಿ ಎಂದರೆ ಮೋಡಗಳ ಸಾಲು, ಅದೇನೋ ಸರಿಯೇ, ಆದರೆ ಆ ಹೆಸರಿನ ರಾಣಿ ಯಾವ ಕಾಲದಲ್ಲೂ ಇರಲಿಲ್ಲ ಎಂದರು. ಹಾಗಾದರೆ ಇದನ್ನು ಹುಟ್ಟಿಸಿದವರು ಯಾರು? ಸೊಸೆಯ ತವರಿನಲ್ಲಿ ಕೇಳಿ, ಅವರಿಗೆ ಹೇಳಿದವರನ್ನು ಕೇಳಿ, ಎಳೆ ಹಿಡಿದು ಹೊರಟು ಕಿರಂಗೂರಿನ ಹತ್ತಿರಕ್ಕೆ ಬಂದಿದ್ದರು.

"ಯಾರೋ ನಿಮ್ಮ ಇಲಾಖೆಯವರೇ ಅಂತ ಸುದ್ದಿ. ಆಗ ಆ ಕಡೆ ಇದ್ದವರು ಯಾರು, ನಿಮಗೆ ಗೊತ್ತಿರಬೇಕಲ್ಲ?"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ನೇರವಾಗಿ ಜೇಬಿನ ಗುರುತಿನ ಚೀಟಿಯ ಮೇಲೆ ಹೋಯಿತು. ಗೊತ್ತಿದ್ದರು, ಆದರೆ ಪಾಪ, ಹೋದ ವರ್ಷ ತೀರಿಕೊಂಡರು ಅಂದೆ.

ಮೇಷ್ಟ್ರ ಮುಖ ಸಪ್ಪಗಾಯಿತು. ಪೆನ್ನಿನ ಮುಚ್ಚಳ ಹಾಕಿದರು. ಸತ್ತವರ ಮೇಲೆ ತಪ್ಪು ಹೊರಿಸಬಾರದು, ಇದನ್ನು ಇಲ್ಲಿಗೇ ಬಿಡುತ್ತೇನೆ ಎಂದರು. ಹೆಂಡತಿ ಮಕ್ಕಳಿದ್ದಾರಾ ಎಂದು ವಿಚಾರಿಸಿದರು. ಒಬ್ಬ ಮಗ ಇದ್ದಾನೆ, ಚಿಕ್ಕವನು ಎಂದೆ. ಅದೊಂದು ಮಾತ್ರ ನಿಜವಾಗಿತ್ತು. ಅವರು ಕಣ್ಣೊರೆಸಿಕೊಂಡರು. ಅವರ ಜಗಲಿಯಲ್ಲಿ ಕೂತು ನನ್ನದೇ ಸಾವಿಗೆ ಕಾಫಿ ಕುಡಿದು ಎದ್ದು ಬಂದೆ. ಅಷ್ಟು ಒಳ್ಳೆಯ ಮನುಷ್ಯನಿಗೆ ಸುಳ್ಳು ಹೇಳಿದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ವರ್ಷದ ಮೇಲೆ ನಾಗಮಂಗಲಕ್ಕೆ ವರ್ಗವಾಗಿ, ಆದೇಶ ಹಿಡಿದು ಆಸ್ಪತ್ರೆಯ ಒಳಗೆ ಕಾಲಿಟ್ಟೆ. ನನ್ನ ಹೆಸರು ಓದಿದ ಅಟೆಂಡರ್ ಕುರ್ಚಿಯಿಂದ ಎದ್ದ. ನನ್ನನ್ನು ಹೆಸರಿನಿಂದಲ್ಲ, ಬರೀ ಡಾಕ್ಟ್ರು ಎಂದಷ್ಟೇ ಬಲ್ಲ ಮೇಷ್ಟ್ರು ನೋಟ್‌ಬುಕ್ ಮುಚ್ಚಿದರೂ ಕಿರಂಗೂರಿನ ಕಡೆ ಇದ್ದವನ ಹೆಸರು ಹುಡುಕಿ, ಆ ಸಂಸಾರಕ್ಕೆ ನಿಮ್ಮವರೇ ಏನಾದರೂ ಮಾಡಿ ಎಂದು ಬೇರೆ ತಾಲೂಕಿನ ಕಂಡಕಂಡ ಆಸ್ಪತ್ರೆಗೆಲ್ಲ ಕಾಗದ ಬರೆದಿದ್ದರಂತೆ.

"ಸಾರ್, ನೀವು ಓಗ್ಬುಟ್ರಿ ಅಂತ ನಾವೆಲ್ಲ ಒಂದ್ನಿಮಿಷ ಎದ್ದು ನಿಂತಿದ್ದೊ" ಅಂದ. ಆಮೇಲೆ ಸ್ವಲ್ಪ ಬೇಜಾರಿನಲ್ಲೇ, "ಅವತ್ತು ಅರ್ಧ ದಿನ ರಜಾನೂ ಕೊಟ್ಟಿದ್ರು" ಎಂದ.

ಹಸುವಿನ ಚೀಟಿ

ಕೊನೆಗೆ ಮತ್ತೆ ಶ್ರೀರಂಗಪಟ್ಟಣಕ್ಕೇ ಬಂದೆ. ಕಿರಂಗೂರಿನ ಆ ಬೀದಿಗೆ ಮಾತ್ರ ಕಾಲಿಡದೆ ಮೂರು ತಿಂಗಳು ತಳ್ಳಿದೆ. ನಾಲ್ಕನೇ ತಿಂಗಳು ಆ ಮನೆಯಿಂದಲೇ ಕರೆ ಬಂತು. ಹೊಸ ಹಸು ತಂದಿದ್ದೇವೆ, ಬೇಗ ಬರಬೇಕು, ಬಂದೇ ಬರಬೇಕು ಎಂದು. ಆ 'ಬಂದೇ ಬರಬೇಕು' ಕೇಳಿದ ಮೇಲೆ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಹೋದೆ. ಕೊಟ್ಟಿಗೆಯ ಮುಂದೆ ಮನೆಯವರೆಲ್ಲ ನಿಂತಿದ್ದರು. ಒಳಗೆ ಕಪ್ಪು ಬಿಳಿ ಮಚ್ಚೆಯ ಕಡಸು. ಫಾರಮ್ಮಿನ ಹರಾಜಿನಲ್ಲಿ ತಂದದ್ದಂತೆ. ಹರಾಜಿನಲ್ಲಿ ಹಸುವಿನ ಜೊತೆ ಕೊಡುವ ದಪ್ಪ ಚೀಟಿ ಒಬ್ಬಳು ಹುಡುಗಿಯ ಕೈಯಲ್ಲಿತ್ತು. ಎರಡು ಜಡೆ, ಎರಡನೇ ಕ್ಲಾಸು. ನಾನು ಹೆಸರು ಕೊಟ್ಟ ಮಗು. ಓದು ಕಲಿತ ಹುರುಪಿನಲ್ಲಿ ಅಪ್ಪನಿಗಿಂತ ಮೊದಲು ಚೀಟಿ ಓದಿದವಳು ಅವಳೇ.

"ತಾಯಿ ಹೆಸರು ಮೇಘಾಲಿ ಅಂತ ಬರ್ದದೆ" ಅಂದಳು. ಕೋಪವಿರಲಿಲ್ಲ ಆ ದನಿಯಲ್ಲಿ, ಅದೇ ನನ್ನನ್ನು ಕೊಂದದ್ದು. "ನಂಗೆ ಅಸಿನ ಹೆಸ್ರಾ ಇಕ್ಕಿರೋದು?"

ಅವಳ ಅಪ್ಪ ನನ್ನನ್ನೇ ನೋಡುತ್ತಿದ್ದ. ಆಗ ಮುಖ ಇಳಿಬಿಟ್ಟುಕೊಂಡು ಗದ್ದೆಗೆ ಹೋಗಿದ್ದವನ ಕೈ ಈಗ ಮಗಳ ತಲೆಯ ಮೇಲಿತ್ತು. ಏಳು ವರ್ಷ ಯಾವುದಕ್ಕೆ ಹೆದರಿದ್ದೆನೋ ಅದು ಎರಡು ಜಡೆ ಹಾಕಿಕೊಂಡು ಎದುರಿಗೆ ನಿಂತಿತ್ತು.

ಅಜ್ಜಿ ಜಗಲಿಯಿಂದ ಎದ್ದು ಬಂದರು. ಚೀಟಿ ತೆಗೆದುಕೊಂಡು, ಓದು ಬಾರದಿದ್ದರೂ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಅಲ್ಲ ಕಣವ್ವ. ನಿನ್ನೆಸ್ರು ಚೆಂದಾಗೈತೆ ಅಂತ ಗೋರ್ಮೆಂಟ್ನೋರಿಗೆ ಗೊತ್ತಾಗ್ಬುಟ್ಟು, ಅವ್ರ ಫಾರಮ್ಮಿನ ಒಳ್ಳೇ ಅಸೀಗೆ ಇಕ್ಕೊಂಡವ್ರೆ. ಯಾರ್ಯಾರ ಹೆಸ್ರೋ ಇಕ್ತಾರಾ ಗೋರ್ಮೆಂಟ್ನೋರು?"

ಹುಡುಗಿ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಚೀಟಿ ಕಿತ್ತುಕೊಂಡು, ಕೆಂಪು ಮೇಘಾಲಿಗೂ ಮೂಲೆಮನೆ ಮೇಘಾಲಿಗೂ ತೋರಿಸಲು ಬೀದಿಗೆ ಓಡಿದಳು.

ಅಜ್ಜಿ ನನ್ನ ಕಡೆ ತಿರುಗಿದರು. "ಸುಳ್ಳು ಹೇಳುದ್ರೆ ಇಂಗೆ ಹೇಳ್ಬೇಕು ಕಣಪ್ಪ. ಈಗ ನೀನು ನಿಜ ಹೇಳು."

ಹೇಳಿದೆ. ಕರಿ ಹಲಗೆಯಿಂದ ಹಿಡಿದು ನನ್ನ ಸಾವಿನವರೆಗೆ ಎಲ್ಲವನ್ನೂ ಹೇಳಿದೆ. ಮಗ ಹಲ್ಲು ಕಚ್ಚಿಕೊಂಡಿದ್ದ. ಸೊಸೆ ಸೆರಗು ಬಾಯಿಗಿಟ್ಟುಕೊಂಡಿದ್ದಳು, ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಅಜ್ಜಿ ಮಾತ್ರ ನಿಧಾನವಾಗಿ ಎಲೆ ಅಡಿಕೆ ಹಾಕಿಕೊಂಡು, ಆ ತಾಯಿ ಹಸು ಎಷ್ಟು ಹಾಲು ಕೊಡುತ್ತಿತ್ತು ಎಂದು ಕೇಳಿದರು. ಹೊತ್ತಿಗೆ ಹತ್ತು ಲೀಟರ್ ಅಂದೆ.

"ಯಾವ ರಾಣಿ ಒಂದು ಲೋಟ ಕೊಟ್ಟವ್ಳೆ?" ಅಂದರು.

ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ತೋಳು ಹಿಡಿದು ಎತ್ತಿದರು.

"ನನ್ನೆಸ್ರು ಏನು ಗೊತ್ತೇನಪ್ಪ? ಸಾಕಮ್ಮ. ಐದ್ನೇ ಹೆಣ್ಣು, ಇನ್ನು ಸಾಕು ಅಂತ ನಮ್ಮಪ್ಪ ಇಕ್ಕಿದ್ದು. ಅರವತ್ತೊರ್ಸ ಆಯ್ತು, ತಪ್ಪಾಯ್ತು ಅಂತ ಯಾರೂ ಬಂದು ನಿಂತ್ಕಳ್ನಿಲ್ಲ. ನೀನು ಬಂದಿದ್ದೀಯ."

ಆ ಮನೆಯಲ್ಲಿ ಎಷ್ಟೋ ಸಲ ಹಾಲು ಕುಡಿದಿದ್ದೆ, ಅಜ್ಜಿಯ ಹೆಸರು ಒಂದು ಸಲವೂ ಕೇಳಿರಲಿಲ್ಲ. ಬೈಸಿಕೊಳ್ಳಲು ಹೋಗಿದ್ದವನಿಗೆ ಬೈಗುಳಕ್ಕಿಂತ ಇದು ಭಾರವಾಯಿತು. ಮಗ ನೆಲ ನೋಡುತ್ತಿದ್ದ.

ಆಮೇಲೆ ಅಜ್ಜಿ ತೀರ್ಮಾನ ಕೊಟ್ಟರು. ಮಗುವಿನ ಹೆಸರು ಬದಲಾಯಿಸುವ ಮಾತೇ ಇಲ್ಲ. ಫಾರಮ್ಮಿನವರು ಕಡಸಿಗೂ ಮೇಘಾಲಿ ಎರಡು ಎಂದು ಇಟ್ಟಿದ್ದಾರೆ, ಒಂದೇ ಮನೆಯಲ್ಲಿ ಅದು ಬೇಡ, ಇವತ್ತಿನಿಂದ ಕಡಸಿನ ಹೆಸರು ಸಾಕಮ್ಮ. ನಾನು ಬೇಡವೆಂದೆ, ಮಗ ಬೇಡವೆಂದ. ಮೊಮ್ಮಗಳಿಗೋಸ್ಕರ ನನ್ನ ಹೆಸರು ಕೊಟ್ಟರೆ ಸವೆಯುವುದಿಲ್ಲ ಎಂದು ಅಜ್ಜಿ ಪಟ್ಟು ಹಿಡಿದರು. ಆ ಮುದುಕಿಯ ದೊಡ್ಡತನ ನೋಡಿ ನನ್ನ ಕಣ್ಣು ತುಂಬಿತು. ಆಸ್ಪತ್ರೆಯ ಪುಸ್ತಕದಲ್ಲಿ ಸಾಕಮ್ಮ ಎಂದೇ ಬರೆದೆ.

ಹತ್ತು ತಿಂಗಳ ಮೇಲೆ ಸಾಕಮ್ಮ ಕರು ಹಾಕಿತು. ವಾರ ಬಿಟ್ಟು ನೋಡಿಕೊಂಡು ಬರೋಣವೆಂದು ಹೋದೆ. ಸಂಜೆ ಹಾಲು ಕರೆಯುವ ಹೊತ್ತು. ಬೀದಿ ತಿರುವಿಗೆ ಬರುವಷ್ಟರಲ್ಲಿ ಸೊಸೆಯ ದನಿ ಕೇಳಿಸಿತು. ನಮ್ಮ ಕಡೆ ಸೊಸೆಯಾದವಳು ಅತ್ತೆಯ ಹೆಸರನ್ನು ಬಾಯಲ್ಲಿ ಆಡುವ ಹಾಗಿಲ್ಲ, ವೋಟಿನ ಪಟ್ಟಿಯವರು ಬಂದು ಕೇಳಿದರೂ ಪಕ್ಕದ ಮನೆಯವರಿಂದ ಹೇಳಿಸುತ್ತಾರೆ. ಈಕೆಯೂ ಮದುವೆಯಾದ ಹದಿನೈದು ವರ್ಷ ಹಾಗೆಯೇ ಬಾಯಿ ಕಟ್ಟಿಕೊಂಡು ಬಾಳಿದವಳು.

"ಲೇ ಸಾಕಿ, ಎಷ್ಟ್ ಇಕ್ಕುದ್ರೂ ಸಾಲ್ದೇನೆ ನಿಂಗೆ? ಅತ್ಲಾಗ್ ತಿರುಗು ಸಾಕಮ್ಮ. ಬೆಳಗ್ಗಿಂದ ಒಂದೇ ಸಮ್ನೆ ಅರಚ್ತೀಯಲ್ಲ, ಸುಮ್ಕೆ ಬಾಯ್ ಮುಚ್ಕೊಂಡು ಒಂದ್ ಮೂಲೇಲಿ ಬಿದ್ದಿರಕ್ಕೇನು ರೋಗ ನಿಂಗೆ?"

ನಾನು ಕೊಟ್ಟಿಗೆಯೊಳಗೆ ಇಣುಕಿದೆ. ಹಸು ಸುಮ್ಮನೆ ನಿಂತು ಮೆಲುಕು ಹಾಕುತ್ತಿತ್ತು. ಸೊಸೆಯ ಮುಖ ಗೌರಿಹಬ್ಬದ ಹಾಗೆ ಬೆಳಗುತ್ತಿತ್ತು. ಎದುರು ಮನೆಯ ಜಗಲಿಯಲ್ಲಿ ನಾಲ್ಕು ಜನ ಸೊಸೆಯರು ಮೊರ ಹಿಡಿದು, ಅಕ್ಕಿ ಆರಿಸುವುದನ್ನು ಮರೆತು ಕೂತಿದ್ದರು.

ಅಜ್ಜಿ ಜಗಲಿಯ ಕಂಬಕ್ಕೆ ಒರಗಿದ್ದರು. ಕೈಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದರು. ಸೊಸೆಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು.

"ಡಾಕ್ಟ್ರಪ್ಪ, ಕೊಟ್ಟಿದ್ದೆಸ್ರ ವಾಪಸ್ ಈಸ್ಕಳಕ್ಕೆ ಏನಾರ ಅರ್ಜಿ ಇದ್ದದಾ?"